ಗುಲಾಬಿ ಬುಡದ ಮದ್ದು

ಬೆಳಗ್ಗೆ ಸ್ನಾನವಾದ ಮೇಲೆ, ಲಿಂಗಪೂಜೆಗೆ ಕೂರುವ ಮೊದಲು, ಚನ್ನವೀರಪ್ಪ ಗ್ಯಾರೇಜಿನ ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಜ್ವರ ಬಂದಾಗಲೂ ತಪ್ಪಿಸಿದವರಲ್ಲ. ಆ ಮೇಜಿನ ಮೇಲೆ ಬಂದೂಕಿನ ಮದ್ದಿನ ಡಬ್ಬಿ ಒಂದೇ ಇರಬೇಕು; ಎರಡನೆಯದು ಇರಕೂಡದು.

ಧಾರವಾಡದ ಕಡೆಯವರು. ಮನೆ ಅಮೆರಿಕದ ಪೇರ್‌ಲ್ಯಾಂಡಿನಲ್ಲಿ, ಪಕ್ಕದ ಹ್ಯೂಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಯಂತ್ರ ರಿಪೇರಿ ಕೆಲಸ. ಶನಿವಾರ ಹೆಂಡತಿ ಮಧುರಾ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಗುರಿ ಹೊಡೆಯುವುದು ರೂಢಿ. ಅದಕ್ಕೆ ಬೇಕಾದ ತೋಟಾಗಳನ್ನು, ಹಿತ್ತಾಳೆ ಕೊಳವೆಗೆ ಮದ್ದು ಹಾಕಿ ಮೇಲೆ ಗುಂಡು ಕೂರಿಸಿ, ಮನೆಯಲ್ಲೇ ತುಂಬಿಕೊಳ್ಳುತ್ತಾರೆ. ಗುಂಡು ಸೊಟ್ಟಗೆ ಕೂತಿದೆಯೆಂದೋ ಕೊಳವೆ ನೆಗ್ಗಿದೆಯೆಂದೋ ಕಾರ್ಖಾನೆ ತಳ್ಳಿಹಾಕಿದ ತೋಟಾಗಳನ್ನು ತಂದು, ಸುತ್ತಿಗೆಯಂಥ ಸಾಧನದಲ್ಲಿ ಸಿಕ್ಕಿಸಿ ಕುಟ್ಟಿ ಬಿಚ್ಚುತ್ತಾರೆ. ಗುಂಡನ್ನೂ ನೆಟ್ಟಗಿರುವ ಹಿತ್ತಾಳೆ ಕೊಳವೆಯನ್ನೂ ಇಟ್ಟುಕೊಳ್ಳುತ್ತಾರೆ. ಒಳಗಿನ ಮದ್ದು ಮಾತ್ರ ಹಿತ್ತಲಿನ ಗುಲಾಬಿ ಬುಡಕ್ಕೆ. ಅದು ಎಷ್ಟು ಜೋರಿನದೆಂದು ಕಾರ್ಖಾನೆಯವರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ; ಎಷ್ಟು ಅಳೆದು ಹಾಕಬೇಕೆಂದೂ ತಿಳಿಯದು.

ಮಣಿಕಟ್ಟು ನೋಯತೊಡಗಿದ ಮೇಲೆ ಕುಟ್ಟಿಕೊಡಲು ಪರಿಚಯದ ಶ್ಯಾಮಸುಂದರ ಬರುತ್ತಿದ್ದರು. ಮೈಸೂರಿನವರು, ಹ್ಯೂಸ್ಟನ್ ಬಳಿಯ ವುಡ್‌ಲ್ಯಾಂಡ್ಸ್‌ನ ತೈಲ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆ. ಒಂದು ಭಾನುವಾರ ಚನ್ನವೀರಪ್ಪ ಸಂಜೆಯ ಪೂಜೆಗೆ ಒಳಗೆ ಹೋದಾಗ, ಬಿಚ್ಚಿದ ತೋಟಾಗಳಿಂದ ಬಟ್ಟಲಿಗೆ ಬಿದ್ದಿದ್ದ ಮದ್ದನ್ನು ಶ್ಯಾಮಸುಂದರ ಚೆಲ್ಲಲಿಲ್ಲ. ಉಳಿದ ಸಾಸಿವೆಯನ್ನು ಸಾಸಿವೆ ಡಬ್ಬಿಗೇ ಸುರಿಯುವಂತೆ, ಮೇಜಿನ ಮೇಲಿದ್ದ ಡಬ್ಬಿಗೆ ಸುರಿದರು. ಹೇಳಲೂ ಇಲ್ಲ.

ಎರಡೂ ಬೂದುಬಣ್ಣದ ಕಾಳು. ಚನ್ನವೀರಪ್ಪ ಎಂದಿನಂತೆ ಅದನ್ನೇ ಅಳೆದು ತುಂಬಿದರು. ಶನಿವಾರ ಮೊದಲು ಹೊಡೆದದ್ದು ಮಧುರಾ. ಬಂದೂಕಿನ ಹಿಂಬದಿ ಸೀಳಿ, ಬಿಸಿ ಹೊಗೆ ಮುಖಕ್ಕೆ ರಾಚಿತು. ಕಣ್ಣಿನ ಕೆಳಗೆ ಚರ್ಮ ಸುಟ್ಟಿತು. ಕನ್ನಡಕ ಇಲ್ಲದಿದ್ದರೆ ಕಣ್ಣೇ ಹೋಗುತ್ತಿತ್ತು ಎಂದರು ಡಾಕ್ಟರು.

ಮನೆಗೆ ಬಂದು ಚನ್ನವೀರಪ್ಪ ಡಬ್ಬಿ ತೂಗಿದರು. ಬಳಸಿದ ಲೆಕ್ಕ ಹಿಡಿದರೆ ಇರಬೇಕಾದ್ದಕ್ಕಿಂತ ಭಾರವಿತ್ತು. ಫೋನ್ ಮಾಡಿದರೆ ಶ್ಯಾಮಸುಂದರ ಮುಚ್ಚಿಡಲಿಲ್ಲ.

"ಚೆಲ್ಲೋದ್ಯಾಕೆ ಅಂತ ಸೇರಿಸಿದೆ ಸರ್. ನೋಡೋಕೆ ಎರಡೂ ಒಂದೇ ಥರ ಇತ್ತಲ್ಲ."

"ಉಪ್ಪು ಸಕ್ರಿನೂ ಒಂದೇ ಥರ ಕಾಣ್ತಾವ್ರಿ. ಚಾದಾಗ ಉಪ್ಪು ಹಾಕ್ಕೊಂಡು ಕುಡೀತೀರೇನು? ನನ್ನ ಹೆಂಡ್ತಿ ಕಣ್ಣು ಉಳದದ್ದು ಕನ್ನಡಕದಿಂದ."

ಆ ಸಂಜೆ ಅಂಗೈಯಲ್ಲಿ ಲಿಂಗ ಹಿಡಿದು ಕೂತರು. ಶಿವಾ ಎನ್ನಲು ಬಾಯಿ ತೆರೆದರೆ ಬೈಗುಳವೇ ನಾಲಿಗೆಗೆ ಬಂತು. ಎದ್ದುಬಿಟ್ಟರು. ಡಬ್ಬಿಯ ಮದ್ದನ್ನೆಲ್ಲ ಗುಲಾಬಿ ಬುಡಕ್ಕೆ ಸುರಿದು, ಅದರಿಂದ ತುಂಬಿದ್ದ ತೋಟಾಗಳನ್ನೆಲ್ಲ ಬಿಚ್ಚಲು ಕೂತರು.

ಮರುದಿನ ಶ್ಯಾಮಸುಂದರ ಹಣ್ಣು ಹಿಡಿದು ಬಂದರು. ಮಧುರಾ ಎದುರು ತಲೆ ಎತ್ತಲಾಗಲಿಲ್ಲ. ಗ್ಯಾರೇಜಿನಲ್ಲಿ ಬಿಚ್ಚಬೇಕಾದ ತೋಟಾಗಳ ರಾಶಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

"ನಿಮ್ಮ ಕೈ ಊದಿದೆ ಸರ್. ಇಷ್ಟನ್ನೂ ನಾನೇ ಬಿಚ್ಚಿಕೊಡ್ತೀನಿ, ನೀವು ಎದುರಿಗೇ ಕೂತಿರಿ."

ಬಿಚ್ಚಲಿ ಬಿಡಿ ಎಂದು ಮಧುರಾ ಕೂಡ ಮೆಲ್ಲಗೆ ಅಂದರು.

"ಬ್ಯಾಡ್ರಿ," ಅಂದರು ಚನ್ನವೀರಪ್ಪ. "ಚಾ ಕುಡದು ಹೋಗ್ರಿ. ಈ ಮೇಜಿಗೆ ಇನ್ನ ಬ್ಯಾರೆಯವರ ಕೈ ಬ್ಯಾಡ."

ಸುತ್ತಿಗೆಯನ್ನು ಎಡಗೈಗೆ ಬದಲಿಸಿಕೊಂಡು ಕುಟ್ಟತೊಡಗಿದರು.