ಅತ್ತೆಮ್ಮನ ಮೇಲೆ ನಾನು ಹೊರಿಸಿದ ಮರೆವು

ಶೋಭಾ, ನಿನ್ನಕ್ಕನ ಬಾಣಂತನ ಮಾಡಲೆಂದು ನೀನು ಟಿ. ನರಸೀಪುರಕ್ಕೆ ಹೋಗಿದ್ದ ಆ ಹದಿನೈದು ದಿನ ನಿನ್ನ ಗೀಸರ್ ಹಾಕಿಡುತ್ತಿದ್ದವಳು ನಾನು. ಅತ್ತೆಮ್ಮ ಅಲ್ಲ. ಅವರು ಸ್ನಾನವಾದ ಮೇಲೆ ಒಂದು ದಿನವೂ ತಪ್ಪದೆ ಆರಿಸುತ್ತಿದ್ದರು. ಆಮೇಲೆ ನಾನು ಬಟ್ಟೆ ಒಣಹಾಕುವ ನೆಪದಲ್ಲಿ ನಮ್ಮಿಬ್ಬರಿಗೂ ಸೇರಿದ ಹಿತ್ತಿಲಿಗೆ ಹೋಗಿ, ನಿನ್ನ ಬಚ್ಚಲಿನ ಹೊರಗೋಡೆಯಲ್ಲಿದ್ದ ಸ್ವಿಚ್ಚನ್ನು ಮತ್ತೆ ಒತ್ತಿ ಬರುತ್ತಿದ್ದೆ. ಸಂಜೆ ದೇವರಿಗೆ ದೀಪ ಹಚ್ಚುವ ಮುಂಚೆ ಹೋಗಿ ಆರಿಸುತ್ತಿದ್ದೆ. ಇಷ್ಟನ್ನು ಬರೆಯಲು ನನಗೆ ಆರು ವರ್ಷ ಹಿಡಿಯಿತು.

ಯಾಕೆ ಎಂದು ಕೇಳುತ್ತೀಯ. ಹೊಟ್ಟೆಕಿಚ್ಚು. ಬೇರೆ ಹೆಸರಿಟ್ಟು ನೋಡಿದೆ — ಬೇಸರ, ಹಿರಿಸೊಸೆಯ ನೋವು, ಇನ್ನೂ ಏನೇನೋ — ಯಾವುದೂ ಒಪ್ಪಲಿಲ್ಲ.

ನಂಜನಗೂಡಿನ ನಮ್ಮ ಮನೆಯ ನಡುವೆ ಅಣ್ಣತಮ್ಮಂದಿರು ಗೋಡೆಯೆತ್ತಿದಾಗ ಅತ್ತೆಮ್ಮ ತಮ್ಮ ಟ್ರಂಕನ್ನು ಎತ್ತಿಸಿಕೊಂಡು ನಿನ್ನ ಬಾಗಿಲಿಗೆ ನಡೆದರು. ಹತ್ತೊಂಬತ್ತು ವರ್ಷ ಅವರ ತಟ್ಟೆಗೆ ಬಡಿಸಿದವಳು ನಾನು! ಅಷ್ಟರಲ್ಲಿ ಶುರುವಾಯಿತು ನಿನ್ನ ಸ್ವಿಚ್ಚುಗಳ ಕಾರುಬಾರು. ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ನೀನು ಸೆಟ್‌ಟಾಪ್ ಬಾಕ್ಸಿನ ಮೇಲೆ ಕೈಯಿಟ್ಟು, "ನೋಡಕ್ಕಾ, ಟಿವಿ ಆರ್ಸಿದ್ರೂ ಇದು ಬೆಚ್ಚಗೇ ಅದೆ. ನಾವು ನೋಡ್ಲಿ ಬುಡ್ಲಿ, ಕರೆಂಟು ಓಗ್ತಾನೇ ಇರ್ತದೆ" ಎಂದಿದ್ದೆ. ಆ ಬಾಕ್ಸು, ಚಾರ್ಜರು, ನೀರಿನ ಫಿಲ್ಟರು — ಬಳಸದ ಹೊತ್ತಿನಲ್ಲಿ ಎಲ್ಲವನ್ನೂ ನೀನು ಗೋಡೆಯ ಸ್ವಿಚ್ಚಿನಲ್ಲೇ ಆರಿಸುತ್ತಿದ್ದೆ. ಗೀಸರನ್ನು ಹಾಕಿಟ್ಟರೆ ನೀರು ತಣಿದಾಗಲೆಲ್ಲ ಅದು ತಾನಾಗಿಯೇ ಮತ್ತೆ ಕಾಯುತ್ತದೆಂದು ನನಗೆ ಹೇಳಿಕೊಟ್ಟವಳೂ ನೀನೇ.

ಬೆಳಿಗ್ಗೆ ನೀನು ಬಾಗಿಲಿಗೆ ರಂಗೋಲಿ ಇಟ್ಟ ಕೈಯಲ್ಲೇ, ಹಿಂದಿನ ದಿನ ಎಷ್ಟು ಯೂನಿಟ್ ಓಡಿತೆಂದು ಮೀಟರ್ ನೋಡಿ ಜಗುಲಿಯ ಅಂಚಿನಲ್ಲಿ ಸಣ್ಣದಾಗಿ ಬರೆಯುತ್ತಿದ್ದೆ. ಹೂವಿನವಳು ಬರಲಿ, ಹಾಲಿನವನು ಬರಲಿ, ಅತ್ತೆಮ್ಮ ಅದನ್ನು ತೋರಿಸುವವರೇ. "ನಮ್ ಸೋಬನ ಮನೇಲಿ ನಿನ್ನೆ ಎರಡೇ ಕಣವ್ವಾ!" ಎಂದು ಹೇಳಿ, ಪಕ್ಕದಲ್ಲಿದ್ದ ನನ್ನ ಮೀಟರಿನ ಕಡೆ ಒಮ್ಮೆ ನೋಡುತ್ತಿದ್ದರು. ಆ ನೋಟ... ನಾನೂ ಹಟ ಹಿಡಿದು ನಾಲ್ಕು ದಿನ ಸ್ವಿಚ್ ಆರಿಸುತ್ತ ಮನೆಯೆಲ್ಲ ತಿರುಗಿದೆ. ವೈಫೈ ಹೋಯಿತೆಂದು ನಮ್ಮ ಯಜಮಾನರು ಕೂಗಾಡಿದರು, ಬಿಟ್ಟುಬಿಟ್ಟೆ. ನಿನಗೆ ಅಷ್ಟು ಸಲೀಸಾಗಿದ್ದು ನನಗೆ ಆಗಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು.

ನೀನು ಊರಿಗೆ ಹೊರಟ ದಿನ ಅವರು ನಿನಗೆ ಹೇಳಿದ ಮಾತು ನೆನಪಿದೆಯಾ? "ನೀನ್ ಬರೋಗಂಟ ಮೀಟ್ರು ನಾನ್ ಕಾಯ್ತೀನಿ, ಓಗ್ಬುಟ್ಟು ಬಾ." ನಾನು ಜಗುಲಿಯಲ್ಲೇ ಇದ್ದೆ. ಮೈದುನ ಕಾರ್ಖಾನೆಗೆ ಹೋದ ಮೇಲೆ ಆ ಕಡೆ ಅವರೊಬ್ಬರೇ ಇರುತ್ತಾರೆಂದು ನನಗೆ ಗೊತ್ತಿತ್ತು. ನಿನ್ನ ಅಂಕಿ ಕೆಡಬೇಕು, ಅಷ್ಟೇ, ಅವರ ಮೇಲೆ ಬರುತ್ತದೆಂದು ನಾನು ಯೋಚಿಸಿರಲಿಲ್ಲ — ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಯೋಚಿಸಿದ್ದೆ. ನೀನು ಅವರನ್ನು ಗದರುತ್ತೀಯ, ಅವರು ಮುನಿಸಿಕೊಂಡು ನನ್ನ ಬಾಗಿಲಿಗೆ ಬರುತ್ತಾರೆ ಎನ್ನುವವರೆಗೂ ಯೋಚಿಸಿದ್ದೆ.

ಹತ್ತನೆಯ ದಿನವೋ ಏನೋ, ನಾನು ಆರಿಸುವ ಮೊದಲೇ ಅತ್ತೆಮ್ಮ ಸ್ವಿಚ್ಚಿನ ಕೆಂಪು ದೀಪ ನೋಡಿಬಿಟ್ಟರು. ನೇರ ನನ್ನ ಅಡುಗೆಮನೆಗೆ ಬಂದರು. "ಪದ್ಮಾ, ಬೆಳಿಗ್ಗೆ ನೀರುಯ್ಕಂಡ್ಮೇಲೆ ಆರ್ಸಿದ್ದೆ ಕಣವ್ವ. ಇದ್ಯಾಕಿಂಗೆ ಉರೀತಾ ಅದೆ? ನೀನೇನಾರ ಮುಟ್ಟಿದ್ಯಾ?"

ಒಂದೇ ಮಾತಿನಲ್ಲಿ ಎಲ್ಲ ಮುಗಿಯುತ್ತಿತ್ತು. ಹೌದು ಅತ್ತೆ ಎಂದಿದ್ದರೆ — ಕೈತಪ್ಪಿ ಒತ್ತಿದೆ ಎಂಬ ಸುಳ್ಳನ್ನಾದರೂ ಹೇಳಿದ್ದರೆ ಸಾಕಿತ್ತು. ಆದರೆ ನಾನು ಸೊಪ್ಪು ಬಿಡಿಸುತ್ತ, ತಲೆಯೆತ್ತದೆ ಅಂದೆ: "ನೀವೇ ಮರ್ತಿರ್ಬೇಕು, ಅತ್ತೆ."

ಕವಲಂದೆಯಲ್ಲಿದ್ದ ಅವರ ಅಕ್ಕ ಕೊನೆಗಾಲದಲ್ಲಿ ಹೆತ್ತ ಮಕ್ಕಳ ಗುರುತೇ ಹಿಡಿಯದೆ ಹೋದದ್ದು ನನಗೆ ಗೊತ್ತಿತ್ತು. ತಮಗೂ ಹಾಗಾದರೆ ಎಂದು ಅತ್ತೆಮ್ಮ ಎಷ್ಟು ಹೆದರುತ್ತಿದ್ದರೆಂಬುದೂ ಗೊತ್ತಿತ್ತು. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ಹಿತ್ತಿಲಿಗೆ ಮರಳಿದರು. ಮಾರನೆಯ ದಿನ ನಾನು ಮತ್ತೆ ಸ್ವಿಚ್ ಹಾಕಿದೆ. ಹೌದು, ಅದಾದ ಮೇಲೂ.

ನೀನು ಬಂದು ಮೀಟರ್ ನೋಡುವಷ್ಟರಲ್ಲಿ ಅವರೇ ಒಪ್ಪಿಕೊಂಡಿದ್ದರು, "ನಂಗೆ ಅರಳುಮರಳು ಶುರುವಾಗ್ಯದೆ ಕಣವ್ವ" ಎಂದು. ನೀನು ಗದರಲಿಲ್ಲ. ಅವರಿಗೆ ನೋವಾಗದಿರಲಿ ಎಂದು ಜಗುಲಿಯಲ್ಲಿ ಅಂಕಿ ಬರೆಯುವುದನ್ನೇ ನಿಲ್ಲಿಸಿದೆ. ಆಗಲೂ ನನಗೆ ಹೊಟ್ಟೆಯುರಿಯಿತು, ಶೋಭಾ — ನಿನ್ನ ಒಳ್ಳೆಯತನ ನೋಡಿ.

ಆಮೇಲೆ ಅವರು ಒಲೆ ಮುಟ್ಟಲಿಲ್ಲ. ಒಬ್ಬರೇ ಗುಡಿಗೆ ಹೋಗುವುದನ್ನು ಬಿಟ್ಟರು. ಬೀಗದ ಕೈಗೊಂಚಲನ್ನು ನಿನಗೆ ಕೊಟ್ಟುಬಿಟ್ಟರು. ಮೈಸೂರಿನ ಡಾಕ್ಟರು ಏನೂ ಇಲ್ಲ ಎಂದರೂ ನಂಬಲಿಲ್ಲ. ದಿನಾ ಸ್ನಾನವಾದ ಮೇಲೆ ಹಿತ್ತಿಲಿನಿಂದ ನನ್ನನ್ನು ಕೂಗುತ್ತಿದ್ದರು: "ಪದ್ಮಾ, ಸ್ವಿಚ್ಚು ಆರ್ಯದಾ ನೋಡವ್ವ. ನನ್ ಕಣ್ಣು ನಂಬಂಗಿಲ್ಲ." ನಾನು ಹೋಗಿ ನೋಡಿ "ಆರಿದೆ, ಅತ್ತೆ" ಎನ್ನುತ್ತಿದ್ದೆ. ಎರಡು ವರ್ಷ, ಅವರು ತೀರಿಕೊಳ್ಳುವವರೆಗೂ. ಹೇಳಲು ನಾಚಿಕೆಯಾಗುತ್ತದೆ — ಅವರು ನಿನ್ನನ್ನು ಬಿಟ್ಟು ನನ್ನನ್ನು ಕರೆದರಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಕಳೆದ ಹಬ್ಬದಲ್ಲಿ ನೀನು ಮಕ್ಕಳಿಗೆ ಅಜ್ಜಿಯ ಮರೆವಿನ ಕಥೆ ಹೇಳಿದೆ. ಎಲ್ಲರೂ ಪ್ರೀತಿಯಿಂದಲೇ ನಕ್ಕರು. ನಾನೂ ನಕ್ಕೆ.

ಈ ಭಾನುವಾರ ಎಲ್ಲರೂ ಊಟಕ್ಕೆ ಸೇರುತ್ತೇವಲ್ಲ, ಎಲೆ ಹಾಕುವ ಮುಂಚೆ ನಾನೇ ಮಕ್ಕಳೆದುರು, ಗಂಡಸರೆದುರು ಇದನ್ನು ಹೇಳುತ್ತೇನೆ. ನೀನು ನನ್ನ ಪಕ್ಕ ಕೂರದಿದ್ದರೂ ಸರಿ. ಮೊದಲು ನಿನಗೆ ತಿಳಿಯಲಿ ಎಂದು ಈ ಕಾಗದ. ಕ್ಷಮಿಸು ಎಂದು ನಿನ್ನನ್ನು ಕೇಳಲಾರೆ. ಕ್ಷಮಿಸಬೇಕಾದವರು ತಮ್ಮ ತಲೆಯೇ ಕೆಟ್ಟಿತೆಂದು ನಂಬಿಕೊಂಡು ಹೋದರು.