ಕೋಶದ ಕೈಗಳ ಮೇಷ್ಟ್ರು

ಬೇಗೂರಿನ ಜೀವಶಾಸ್ತ್ರದ ಮೇಷ್ಟ್ರು ಮುದ್ದಯ್ಯನವರಿಗೆ ಎಲ್ಲೆಲ್ಲೂ ಜೀವಕೋಶವೇ ಕಾಣುತ್ತದೆ. ಗುಂಡ್ಲುಪೇಟೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತರೆ ಪಕ್ಕದವರಿಗೆ ಪಾಠ ಶುರು: ಕೋಶದ ಮೈಮೇಲೂ ಇಂಥ ಕೈಗಳಿವೆ, ಸುಮ್ಮನಿದ್ದಾಗ ಮಡಚಿಕೊಂಡಿರುತ್ತವೆ, ಒಳಗಿನಿಂದ ಕರೆ ಬಂದರೆ ನೆಟ್ಟಗಾಗಿ ಸುತ್ತಲಿನ ನಾರನ್ನು ಹಿಡಿಯುತ್ತವೆ, ಎಳೆದರೆ ಇನ್ನೂ ಬಿಗಿಯಾಗುತ್ತವೆ. "ಬ್ರೇಕ್ ಹಾಕ್ದಾಗ ನೀವು ಕಂಬಿ ಬುಟ್ಬುಡ್ತೀರಾ?" ಎಂದು ಕೇಳುತ್ತಾರೆ. "ಮೊದ್ಲು ಟಿಕೆಟ್ ತಕ್ಕಳಿ ಸಾ, ಆಮೇಲೆ ಕೋಸ" ಎನ್ನುತ್ತಾನೆ ಕಂಡಕ್ಟರು. ಮದುವೆಯೂಟಕ್ಕೆ ಕೂತರೂ ಅದೇ ಮಾತು. ಎಲೆಯ ಮೇಲಿನ ಅನ್ನ ಆರಿಹೋಗುತ್ತದೆ. ಅವರ ನೆರೆಮನೆಯ ರಾಚಮ್ಮನ ಕಾಲುಮೂಳೆ ಮುರಿದು ಕೂಡಿಕೊಂಡಿತ್ತು. ಊರಿ ನಡೆಯದಿದ್ದರೆ ಕಾಲು ಸೊರಗುತ್ತದೆಂದು ಡಾಕ್ಟರು ಹೇಳಿದ್ದರೂ ಮನೆಯವರು ಅಕ್ಕರೆಯಿಂದ ಅದನ್ನು ದಿಂಬಿನ ಮೇಲಿಂದ ಇಳಿಸಿರಲಿಲ್ಲ. "ಊರುದ್ರೆ ಮತ್ತೆ ಮುರ್ದೋಯ್ತದೆ ಮೇಷ್ಟ್ರೇ" ಎಂದು ಆಕೆ ಅತ್ತ ದಿನ, "ಭಾರ ಬಿದ್ರೇನೇ ಒಳಗಿನ ಕೈಗಳು ಗಟ್ಟಿಯಾಗಿ ಹಿಡಿಯೋದು ಕಣವ್ವ" ಎಂದಷ್ಟೇ ಹೇಳಿದ ಮೇಷ್ಟ್ರು ನೆಲದ ಮೇಲೆ ಕುಳಿತು, ಆಕೆಯ ಪಾದದಡಿ ತಮ್ಮ ಅಂಗೈಯಿಟ್ಟರು. "ನಿಮ್ ಕೈ ನೊಂದಾತು." "ನೋಯ್ಲಿ, ತುಳಿ." ಬೆಟ್ಟದ ದೇವರು ಮಾದಪ್ಪನನ್ನು ನೆನೆದು ರಾಚಮ್ಮ ಮೆಲ್ಲಗೆ ಒತ್ತಿದಳು. ಅಷ್ಟು ಮಾತಿನ ಮನುಷ್ಯ ಈಗ ಅಂಗೈಯ ಮೇಲಿನ ಆ ಪಾದವನ್ನೇ ನೋಡುತ್ತ ಕುಳಿತರು. ಕೊನೆಗೆ ರಾಚಮ್ಮನೇ ಕೇಳಿದಳು: "ಇನ್ನೊಸಿ ಒತ್ಲಾ, ಮೇಷ್ಟ್ರೇ?"