ಅರಳಿಕಟ್ಟೆಯ ಎಡಸುತ್ತು

ಕೊಡಿಗೇಹಳ್ಳಿಯ ನಮ್ಮ ಪಾರ್ಕಿನ ಗೇಟಿನಲ್ಲಿ ತಳ್ಳುಗಾಡಿ ಇಟ್ಟುಕೊಂಡು ರಾಗಿ ಅಂಬಲಿ, ಹಾಗಲಕಾಯಿ ಜ್ಯೂಸ್ ಮಾರುವವನು ನಾನು, ಸುಬ್ರಮಣಿ. ಜನ ಮೈ ಬಗ್ಗಿಸುವ ಚಂದವನ್ನು ಬೆಳಗಾದರೆ ನೋಡುತ್ತೇನೆ. ಒಬ್ಬರು ಹಿಂದುಹಿಂದಕ್ಕೆ ನಡೆಯುತ್ತಾರೆ. ಇನ್ನೊಬ್ಬರು ಬೇವಿನ ಮರಕ್ಕೆ ಬೆನ್ನು ಗುದ್ದುತ್ತಾರೆ. ನಗೆಕೂಟದವರು ಒಳಗೆ ಹಾ ಹಾ ಎಂದು ಅರಚಿ, ಹೊರಗೆ ಬಂದು ಒಂದು ಲೋಟ ಅಂಬಲಿಗೆ ಮುಖ ಗಂಟು ಹಾಕಿಕೊಂಡು ಚೌಕಾಸಿ ಮಾಡುತ್ತಾರೆ. ಇವರ ಮೇಲೆಲ್ಲ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ನಡಿಗೆದಾರಿಯ ಮೇಲೆ ಹಳದಿ ಬಾಣ ಬರೆಸಿದವರ ಮೇಲೆ, ಅದೂ ಮುನಿಯಲ್ಲಮ್ಮನ ಸಲುವಾಗಿ.

ಮುನಿಯಲ್ಲಮ್ಮ ಪಾರ್ಕಿನ ಹಿಂದಿನ ಹೆಂಚಿನ ಮನೆಯವಳು. ಪಾರ್ಕು ಇನ್ನೂ ಊರಿನ ಗುಂಡುತೋಪಾಗಿದ್ದಾಗ ಅಲ್ಲಿ ಹುಣಸೆಹಣ್ಣು ಆಯ್ದು ಬೆಳೆದವಳು. ಕನಕಾಂಬರ ಕಟ್ಟಿ ಮಾರಿ ಇಬ್ಬರು ಮಕ್ಕಳನ್ನು ಓದಿಸಿದಳು. ಬಾಯಿ ಜೋರು, ಆದರೆ ಹೂವು ಅಳೆಯುವಾಗ ಮೊಳ ಉದ್ದ ಮಾಡಿದವಳೇ ಹೊರತು ಗಿಡ್ಡ ಮಾಡಿದವಳಲ್ಲ.

ಹೋದ ವರ್ಷ ಆಕೆಯ ಗಂಡ ಮುನಿರಾಮಯ್ಯನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ದಿನಾ ನಡೆಸಿ, ಇಲ್ಲದಿದ್ದರೆ ಹಾಸಿಗೆ ಹಿಡಿಯುತ್ತಾರೆ ಎಂದರು ಡಾಕ್ಟರು. ನಮ್ಮ ರಸ್ತೆಗಳಲ್ಲಿ ಫುಟ್‌ಪಾತಿಲ್ಲ. ಇರುವಲ್ಲಿ ಬೈಕುಗಳು ಹತ್ತುತ್ತವೆ. ಸಮನೆಲ ಇದ್ದದ್ದು ಪಾರ್ಕಿನಲ್ಲಿ ಮಾತ್ರ. ಸೀರೆಯ ಮೇಲೆ ಗಂಡನ ಹಳೆಯ ಸ್ವೆಟರ್ ಹಾಕಿಕೊಂಡು, ಬರಿಗಾಲಲ್ಲಿ, ಅವನ ರಟ್ಟೆ ಹಿಡಿದು ಕರೆತರುತ್ತಿದ್ದಳು. ನಡಿಗೆದಾರಿ ಇರುವುದು ಹಳೆಯ ಅರಳಿಕಟ್ಟೆಯ ಸುತ್ತ. ಕಟ್ಟೆಯ ಮೇಲೆ ನಾಗರಕಲ್ಲುಗಳಿವೆ. ಊರವರು ಅದನ್ನು ಬಲಕ್ಕಿಟ್ಟುಕೊಂಡೇ ಸುತ್ತುವುದು. ಎಡಕ್ಕಿಟ್ಟು ಸುತ್ತುವುದು ಹೆಣವನ್ನು ಮಾತ್ರ. ಗಂಡ ಹೆಂಡತಿ ಇಬ್ಬರೂ ಬಲಕ್ಕೇ ಸುತ್ತಿದರು. ಯುಗಾದಿಯ ಹೊತ್ತಿಗೆ ಅವನು ರಟ್ಟೆ ಬಿಡಿಸಿಕೊಂಡು ತಾನೇ ನಡೆಯತೊಡಗಿದ್ದ.

ಆಗ ನಮ್ಮ ಬಡಾವಣೆಯ ಅಸೋಸಿಯೇಷನ್ ಸೆಕ್ರೆಟರಿ ವಿಜಯ್ ಕುಮಾರ್ ಅವರು ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಬ್ಯಾಂಕಾಕಿಗೆ ಹೋಗಿಬಂದರು. ಬಂದ ಮೇಲೆ ನನ್ನ ಗಾಡಿಯ ಮುಂದೆ ದಿನಾ ಅಲ್ಲಿನ ಪಾರ್ಕಿನದೇ ಪುರಾಣ. ಸಂಜೆ ಆರಕ್ಕೆ ರಾಷ್ಟ್ರಗೀತೆ ಕೇಳಿಸಿದರೆ ಓಡುತ್ತಿದ್ದವರೆಲ್ಲ ನಿಂತಲ್ಲೇ ನಿಲ್ಲುತ್ತಾರಂತೆ. ಆಮೇಲೆ ಮೇಷ್ಟ್ರೊಬ್ಬ ಹಾಡು ಹಾಕಿ ಕುಣಿದರೆ ಅಜ್ಜಿಯರು, ಅಂಗಡಿಯವರು, ಬೀದಿ ಗುಡಿಸುವವರು ಉಟ್ಟ ಬಟ್ಟೆಯಲ್ಲೇ ಸಾಲಾಗಿ ನಿಂತು ಕುಣಿಯುತ್ತಾರಂತೆ. ನೀನ್ಯಾರು ಎಂದು ಯಾರೂ ಕೇಳುವುದಿಲ್ಲವಂತೆ. ಕೇಳಿ ನನಗೂ ಖುಷಿಯಾಗಿತ್ತು. ಅಲ್ಲಿಯ ಜನ ಕಮಲದ ಹೂವು, ಮೇಣದಬತ್ತಿ ಹಿಡಿದು ಗುಡಿ ಸುತ್ತುವ ವಿಡಿಯೋ ತೋರಿಸಿದರು. ಅವರೂ ಬಲಕ್ಕೇ ಸುತ್ತುತ್ತಿದ್ದರು. ಇಷ್ಟೆಲ್ಲ ನೋಡಿಬಂದ ಪುಣ್ಯಾತ್ಮರು ನಮಗೆ ಹೊತ್ತು ತಂದದ್ದೇನು? ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಾರೆ ಎಂಬುದೊಂದನ್ನು. ವಾರದೊಳಗೆ ನೆಲದ ತುಂಬ ಬಾಣ ಬರೆಸಿದರು, ಕಟ್ಟೆ ಎಡಕ್ಕೆ ಬರುವ ಹಾಗೆ.

ಬಾಣ ತಿರುಗಿಸಿ ಸಾರ್, ಅದು ದೇವರ ಕಟ್ಟೆ ಎಂದೆ. ಪ್ರಪಂಚದಲ್ಲಿ ಎಲ್ಲ ಟ್ರ್ಯಾಕೂ ಹೀಗೇ ಇರುವುದು, ಮೀಟಿಂಗಿನಲ್ಲಿ ಪಾಸಾಗಿದೆ ಎಂದರು. ನಿಮ್ಮ ಮೀಟಿಂಗಿಗಿಂತ ಕಟ್ಟೆ ಹಳೆಯದು ಎಂದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಮರುದಿನ ನನ್ನ ಗಾಡಿಯನ್ನೇ ರಸ್ತೆಯಾಚೆ ತಳ್ಳಿಸಿದರು.

ಮುನಿಯಲ್ಲಮ್ಮ ಬಾಣವನ್ನು ಲೆಕ್ಕಕ್ಕೇ ಇಡದೆ ಗಂಡನನ್ನು ಬಲಕ್ಕೇ ನಡೆಸಿದಳು. ಎದುರಿನಿಂದ ಬರುವವರು ಗೊಣಗಿದರು. ಒಂದು ಬೆಳಗ್ಗೆ ಕೈಗಡಿಯಾರ ನೋಡಿಕೊಂಡು ಓಡಿಬಂದ ಹುಡುಗನೊಬ್ಬ ಡಿಕ್ಕಿ ಹೊಡೆದು ಮುನಿರಾಮಯ್ಯ ಬಿದ್ದ, ತುಟಿ ಒಡೆಯಿತು. ನಾನು ರಸ್ತೆ ದಾಟಿ ಓಡುವಷ್ಟರಲ್ಲಿ, ಪಾಪ, ಆ ಹುಡುಗ ಹೆದರಿ ತಾನೇ ಎತ್ತಿ ಕೂರಿಸಿದ್ದ. ವಿಜಯ್ ಕುಮಾರ್ ಅವರು ಬಂದು, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ, ಬಾಣದ ಕಡೆ ನಡೆಯುವುದಾದರೆ ಬನ್ನಿ, ಇಲ್ಲದಿದ್ದರೆ ಮನೆಯಲ್ಲಿರಿ ಎಂದರು.

ಸೊಟ್ಟಗಾದ ಬಾಯಲ್ಲಿ ಮುನಿರಾಮಯ್ಯ ಕೇಳಿದ: “ಎಡಕ್ ಸುತ್ತಾಕೆ ನಾನೇನ್ ಸತ್ತೋಗಿದ್ದೀನಾ?”

ವಿಜಯ್ ಕುಮಾರ್ ಅವರು ನಕ್ಕರು. ಆ ನಗು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಅಂದಿನಿಂದ ಗಂಡ ಹೆಂಡತಿಯನ್ನು ಗೇಟಿನಲ್ಲೇ ತಡೆಯಬೇಕೆಂದು ವಾಚ್‌ಮನ್ ನಜೀರನಿಗೆ ಹುಕುಂ ಆಯಿತು. ಅವನು ತಲೆ ತಗ್ಗಿಸಿಕೊಂಡೇ ತಡೆದ. ಬಿಟ್ಟರೆ ಅವನ ಕೆಲಸ ಹೋಗುತ್ತಿತ್ತು. ಜನರಿಲ್ಲದ ಹೊತ್ತಿನಲ್ಲಿ ಬರುತ್ತೇನೆ ಎಂದಳು ಮುನಿಯಲ್ಲಮ್ಮ. ಆ ಹೊತ್ತಿಗೆ ಪಾರ್ಕಿಗೆ ಬೀಗ. ಕಣ್ಣು ಮುಚ್ಚಿಕೊಂಡು ಎಡಕ್ಕೇ ನಡೆದುಬಿಡು, ಕಟ್ಟೆಯ ನಾಗಪ್ಪ ಏನೂ ಅಂದುಕೊಳ್ಳುವುದಿಲ್ಲ ಎಂದು ಗಂಡನಿಗೆ ಹೇಳಿಯೂ ನೋಡಿದಳು. ಅವನು ಒಪ್ಪಲಿಲ್ಲ. ಒಪ್ಪಿದ್ದರೆ ಅವಳ ಕಾಲೇ ಏಳುತ್ತಿರಲಿಲ್ಲವೆಂದು ಆಮೇಲೆ ನನ್ನ ಹತ್ತಿರ ಹೇಳಿದಳು. ಓಣಿಯಲ್ಲಿ ನಡೆಸಿದಳು. ಅಲ್ಲಿ ಮನೆ ಕಟ್ಟುವವರ ಜಲ್ಲಿ ರಾಶಿ, ಹಿಂದಿನಿಂದ ಹಾರ್ನ್. ಬಿದ್ದ ಭಯ ಅವನಲ್ಲಿ ಇನ್ನೂ ಹಸಿಯಾಗಿತ್ತು. ದೀಪಾವಳಿಗೆ ಮಂಚ ಹಿಡಿದ. ಬೆನ್ನೆಲ್ಲ ಹುಣ್ಣಾಯಿತು, ಕಫ ಕಟ್ಟಿತು, ಸಂಕ್ರಾಂತಿ ಕಳೆದ ಮೇಲೆ ತೀರಿಹೋದ. ಬಾಣವೇ ಕೊಂದಿತು ಎಂದು ನಾನು ಹೇಳುವುದಿಲ್ಲ. ನಡೆಯುತ್ತಿದ್ದವನನ್ನು ಮಲಗಿಸಿದ್ದು ಬಾಣವೇ. ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಹೆಣವನ್ನು ಮನೆಯ ಮುಂದೆ ಶಾಮಿಯಾನದಡಿ ಮಲಗಿಸಿದ್ದರು. ಅಸೋಸಿಯೇಷನ್ನಿನವರು ದೊಡ್ಡ ಹಾರ ತಂದರು. ಮುನಿಯಲ್ಲಮ್ಮ ಗೋಡೆಗೆ ಒರಗಿ ಕೂತಿದ್ದಳು, ಅತ್ತಿರಲಿಲ್ಲ. ವಿಜಯ್ ಕುಮಾರ್ ಅವರು ಹಾರ ಹಾಕಿ ಕೈ ಮುಗಿದು, ಗುಡಿಯಲ್ಲಿ ಸುತ್ತುವ ಹಾಗೆ ಹೆಣವನ್ನು ಬಲಕ್ಕಿಟ್ಟುಕೊಂಡು ಹೆಜ್ಜೆ ಹಾಕಿದರು. ನೆಂಟರ ಹೆಂಗಸರು ಗುಸುಗುಸು ಎಂದರು. ಮುನಿಯಲ್ಲಮ್ಮ ಎದ್ದುಬಂದು ಅವರ ಮಣಿಕಟ್ಟು ಹಿಡಿದಳು.

“ಇಂಗಲ್ಲ ಸ್ವಾಮಿ,” ಎಂದಳು. “ಆ ಕಡೆಯಿಂದ. ಪಾರ್ಕಲ್ಲಿ ಬಾಣ ಬರ್ಸಿದ್ದೀರಲ್ಲಾ, ಅಂಗೆ.”

ಹಿಡಿದ ಕೈ ಬಿಡದೆ, ತಾನೇ ಮುಂದೆ ನಡೆದು, ಮೂರು ಸುತ್ತನ್ನೂ ಸುತ್ತಿಸಿದಳು.